ಹುಟ್ಟದ ಅಲೀನ್

ಮಲ್ಲಿಕಸಾಬ ತೀರಿಕೊಂಡ ಸುದ್ದಿ ಹಾನಗಲ್ಲಿನ ಕಾಲೇಜಿಗೆ ಬಂದ ಗುರುವಾರ ಬೆಳಿಗ್ಗೆ, ಸಂಶೋಧನಾ ವಿದ್ಯಾರ್ಥಿನಿ ಸುಧಾರಾಣಿಯ ಪ್ರಯೋಗ ಹನ್ನೆರಡನೆಯ ಸಲ ಸೋತಿತ್ತು. ಅಯ್ಯೋ ಅನ್ನುವ ಮೊದಲು ಅವಳ ಮನಸ್ಸಿಗೆ ಬಂದದ್ದು ಒಂದೇ ಮಾತು: ಇನ್ನು ಯಾರನ್ನು ಕೇಳಲಿ?

ಮೂರು ಇಂಗಾಲಗಳು ಸಾಲಾಗಿ, ಎರಡು ದ್ವಿಬಂಧಗಳಲ್ಲಿ ಬಿಗಿದು ನಿಲ್ಲುವ ಅಣುವಿಗೆ ಅಲೀನ್ ಎಂದು ಹೆಸರು. ಅದನ್ನು ಕಟ್ಟಲು ಎಷ್ಟೋ ಜನ ಪೆಲ್ಲಾಡಿಯಂ ಎಂಬ ದುಬಾರಿ ಲೋಹ ಬಳಸುತ್ತಾರೆ; ಅದು ಕಣದಷ್ಟಿದ್ದರೂ ಕ್ರಿಯೆ ನಡೆಯುತ್ತದೆ. ಬರೀ ತಾಮ್ರದ ಲವಣ ಸಾಕೆಂದು ಸುಧಾರಾಣಿ ಲೇಖನ ಬರೆದಳು. ಎಂಟು ತಿಂಗಳು ತಪ್ಪದೆ ಬಂದ ಅಲೀನ್, ಜೂನಿನಿಂದ ಹನಿಯಷ್ಟೂ ಬರಲಿಲ್ಲ. ಹೊರಗಿನವರೂ ಮಾಡಿ ನೋಡಿ, ಬರುವುದಿಲ್ಲವೆಂದು ಪತ್ರ ಹಾಕಿದರು.

ಮಾರ್ಗದರ್ಶಕ ಮೃತ್ಯುಂಜಯ ಸರ್ ಗದರಿಸಿದ್ದರು. "ಎಂಟು ತಿಂಗಳು ದುಡಿದ ತಾಮ್ರ ಈಗ ಸಂಪು ಹೂಡೇತೇನು? ಸೋಮವಾರ ಪರೀಕ್ಷಕರು ಬರ್ತಾರ. ಅವರ ಕಣ್ಣ ಮುಂದ ಮಾಡಿ ತೋರಸು. ಇಲ್ಲಾಂದ್ರ ಸುಳ್ಳು ಬರದೇನಿ ಅಂತ ಸಹಿ ಮಾಡು."

ಸಹಿ ಮಾಡಿದರೆ ಪದವಿಯೂ ಹೋಯಿತು, ಹೆಸರೂ ಹೋಯಿತು. ಮಾಡಿ ತೋರಿಸಲು ಕೈಗೂಡುತ್ತಿಲ್ಲ. ಎತ್ತ ತಿರುಗಿದರೂ ಗೋಡೆ.

ಅವಳ ಅನುಮಾನ ಒಬ್ಬನ ಮೇಲೆಯೇ. ಗಾಜಿನ ಸಾಮಾನು ತೊಳೆಯುತ್ತಿದ್ದ ಮಲ್ಲಿಕಸಾಬನನ್ನು ಜೂನಿನಲ್ಲಿ ಎಲ್ಲರೆದುರು ಬೈದಿದ್ದಳು. "ಕಣ್ಣ ಕಾಣಸೂದಿಲ್ಲೇನ್ರಿ? ಇದಕ್ಕ ತೊಳಿಯೂದು ಅಂತಾರೇನು?" ಮುದುಕ ತಲೆ ತಗ್ಗಿಸಿ ನಿಂತಿದ್ದ. ಆ ವಾರವೇ ಅಲೀನ್ ನಿಂತಿತು. ಮುಂದಿನ ತಿಂಗಳು ಅವನು ಕಾಯಿಲೆಯೆಂದು ಹೆಂಡತಿಯೊಂದಿಗೆ ತನ್ನೂರು ಸವಣೂರಿಗೆ ಹೋದ. ಅವಳು ಸೀಸೆಗಳನ್ನೆಲ್ಲ ಬದಲಿಸಿದಳು, ಗುಣ ಕಾಣಲಿಲ್ಲ. ಸೇಡಿಗೆ ಏನೋ ಮಾಡಿ ಹೋಗಿದ್ದಾನೆ. ಏನೆಂದು ಗೊತ್ತಾದರೆ ಬದುಕಿಕೊಂಡೇನು.

ಮಧ್ಯಾಹ್ನದ ಬಸ್ಸಿಗೆ ಸವಣೂರು ಮುಟ್ಟಿದಾಗ ಮಣ್ಣು ಮಾಡಿ ಮುಗಿದಿತ್ತು. ಹೆಂಡತಿ ಚಾಂದಬಿ ಚಾಪೆ ಹಾಸಿದಳು.

"ಬರ್ರಿ ಅಕ್ಕಾರ, ಕುಂದರ್ರಿ. ನಿಮ್ಮ ಹೆಸರು ಬಾಳ ತಗೀತಿದ್ರು."

ಸುಧಾರಾಣಿ ಚಾಪೆಯ ಅಂಚಿಗೆ ಕೂತಳು. "ಸಿಟ್ಟಿತ್ತೇನಮ್ಮಾ, ನನ್ನ ಮ್ಯಾಲ?"

"ಸಿಟ್ಟ್ಯಾಕ್ರಿ?" ಚಾಂದಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಚಿಕಿ ಪಟ್ಕೊಂಡಿದ್ರು. ಮೂವತ್ತು ವರ್ಷ ತೊಳದು, ಮುಪ್ಪಿನ್ಯಾಗ ಹೆಸರ ಕೆಡಿಸಿಕೊಂಡ್ನಲ್ಲಾ ಅಂತ. ಪಾತ್ರ್ಯಾಗ ಗಿರಗಿರ ತಿರಗೋ ಬಿಳೇ ಮ್ಯಾಗ್ನೆಟ್ ಇರ್ತಾವಂತಲ್ರಿ? ಮೊದಲಿನ ಹುಡುಗೂರು ಅವನ್ನ ಕರ್ರಗ ಮಾಡಿಟ್ಟಿದ್ರಂತ. ನೀವು ಬೈದ ಮರುದಿನನ ತೇಜ್ ಆಸಿಡ್ಡಿನ್ಯಾಗ ನೆನಿಸಿ, ತಿಕ್ಕಿ, ಕೈ ಸುಟ್ಕೊಂಡು ಮನಿಗೆ ಬಂದ್ರು. ಮಕದಾಗ ನೋಡಿದ್ರ ನಗು! 'ಇನ್ನ ಅಕ್ಕಾರ ಕೆಲಸಕ್ಕ ಒಂದು ಕಲಿನೂ ಅಡ್ಡ ಬರೂದಿಲ್ಲ' ಅಂದ್ರು."

ಸುಧಾರಾಣಿಗಿಂತ ಮೊದಲು ಆ ಮೇಜಿನಲ್ಲಿ ದುಡಿದವರು ಬಳಸುತ್ತಿದ್ದುದು ಪೆಲ್ಲಾಡಿಯಂ.

ಎಂಟು ತಿಂಗಳು ಅಲೀನ್ ಕಟ್ಟಿದ್ದು ಅವಳ ತಾಮ್ರವಲ್ಲ, ಮ್ಯಾಗ್ನೆಟ್ಟಿಗೆ ಅಂಟಿ ಉಳಿದಿದ್ದ ಅವರ ಪೆಲ್ಲಾಡಿಯಂನ ಆ ಕರಿ. ಅದನ್ನು ತೊಳೆಸಿ ಹಾಕಿದವಳು ತಾನೇ. ಸೋಮವಾರ ಪರೀಕ್ಷಕರ ಮುಂದೆ ಇದನ್ನೇ ಹೇಳಬೇಕು, ಮಲ್ಲಿಕಸಾಬನ ಹೆಸರು ಹಿಡಿದೇ ಹೇಳಬೇಕು. ಅವಳು ಚಾಪೆಯ ಮೇಲೆ ಕೈಮುಗಿದಳು: ಭಗವಂತಾ, ನನ್ನ ಮಾತಿಗೆ ಕೈ ಸುಟ್ಟುಕೊಂಡು ನಕ್ಕ ಈ ಜೀವಕ್ಕೆ ಶಾಂತಿ ಕೊಡು.