ಪಕ್ಕದ ಮಂಚದವರ ಗಂಜಿ

ಎರಡನೆಯ ಚಮಚ ಬಾಯಿಗೆ ಬಿದ್ದಾಗಲೇ ತ್ರ್ಯಂಬಕರಾಯರಿಗೆ ಖಾತ್ರಿಯಾಯಿತು: ಗಂಜಿ ಉಣಿಸುತ್ತಿರುವವಳು ತಮ್ಮ ಹೆಂಡತಿಯಲ್ಲ.

ಲಕ್ಷ್ಮೀಬಾಯಿ ಗಂಜಿಯನ್ನು ಊದಿ ಆರಿಸುವವಳಲ್ಲ. ಗಂಡನ ತುಟಿಯನ್ನು ಸೆರಗಿನಿಂದ ಒರೆಸುವವಳಂತೂ ಅಲ್ಲವೇ ಅಲ್ಲ. ಮೂವತ್ತು ವರ್ಷ ಅವಳು ತಾಟನ್ನು ಎದುರಿಗೆ ಕುಕ್ಕಿ, ಬೆನ್ನು ತಿರುಗಿಸಿ ಹೋದವಳು. ಮೇಲಾಗಿ ಇವಳ ಹತ್ತಿರ ಮಲ್ಲಿಗೆಯ ವಾಸನೆ ಬರುತ್ತಿತ್ತು. ಲಕ್ಷ್ಮೀಬಾಯಿಯ ಹತ್ತಿರ ಬರುವುದು ಇಂಗಿನ ವಾಸನೆ.

ಕೇಳಿಬಿಡೋಣವೆಂದರೆ ಮಾತಾಡುವಂತಿರಲಿಲ್ಲ. ಹೆಸರಿಗೆ ರಾಯರು ಮೂರು ಕಣ್ಣಿನವರು. ಇದ್ದ ಎರಡೂ ಕೈಕೊಟ್ಟಿದ್ದವು. ಧಾರವಾಡದ ಕಚೇರಿಯಲ್ಲಿ ಗೋರಾ ಸಾಹೇಬರ ಕೈಕೆಳಗೆ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದ ಮೇಲೆ, ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಬಂದು ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಎರಡೂ ಬದಿಗೆ ಮರಳಿನ ಚೀಲ ಇಟ್ಟು ಅಂಗಾತ ಮಲಗಿಸಿದ್ದರು. ಹೊರಳುವಂತಿಲ್ಲ, ಕೆಮ್ಮುವಂತಿಲ್ಲ, ನಗುವಂತಿಲ್ಲ. ನಗುವಿನ ವಿಷಯದಲ್ಲಿ ರಾಯರಿಗೆ ತೊಂದರೆಯೇನೂ ಇರಲಿಲ್ಲ.

“ಮಾತಾಡಿದ್ರ ದವಡಿ ಅಲಗಾಡ್ತದ, ದವಡಿ ಅಲಗಾಡಿದ್ರ ಗಾಯ ಬಿಚ್ಚತದ, ಕಣ್ಣು ಹೋಗ್ತದ. ಆಮ್ಯಾಲ ನನ್ನ ಕೇಳಬ್ಯಾಡ್ರಿ,” ಎಂದಿದ್ದಳು ನರ್ಸಬಾಯಿ. ಉಣಿಸಲು ಬರುವ ಹೆಂಗಸರಿಗೂ ಅದೇ ಕಟ್ಟಪ್ಪಣೆ. ಮಾತು ಕೂಡದು, ಬಳೆಗೆ ಅರಿವೆ ಸುತ್ತಿಕೊಂಡೇ ಒಳಗೆ ಬರಬೇಕು. ಬಳೆಯ ಸದ್ದಿಗೂ ಬೆಚ್ಚಿಬೀಳುವ ಗಂಡಂದಿರನ್ನು ಅವಳು ಬಹಳ ನೋಡಿದ್ದಳು.

ತಪ್ಪು ನಡೆದದ್ದು ಬಾಗಿಲಲ್ಲೇ ಇರಬೇಕು. ಸ್ವಲ್ಪ ಹೊತ್ತಿಗೆ ಮುಂಚೆ ರಾಯರು ಮಲಗಿದಲ್ಲಿಂದಲೇ ಕೇಳಿಸಿಕೊಂಡಿದ್ದರು.

“ಯಾರಿಗೆ ಉಣ್ಣಸಾಕ ಬಂದೀರಿ? ಹೆಸರು ಹೇಳ್ರಿ.”

ಪಿಸುಮಾತು.

“ಮನಿಯವರು ಅಂದ್ರ? ಇಲ್ಲಿ ಮಲಗಿದವರೆಲ್ಲಾ ಯಾರದರ ಮನಿಯವರಽ ಇದ್ದಾರ! ಗಂಡನ ಹೆಸರು ಹೇಳಿದ್ರ ಬಾಯಿ ಸುಡ್ತದೇನು? ಮತ್ತ ನೀವು? ನೀವೂ ಹೇಳಂಗಿಲ್ಲ? ಹೋಗ್ಲಿ. ನೀವು ಈ ಮಂಚ, ನೀವು ಆ ಮಂಚ. ಲಗೂ ನಡೀರಿ.”

ಆ ಮಂಚದಲ್ಲಿದ್ದವರು ಹತ್ತಿ ವ್ಯಾಪಾರಿ ಮಹಾಂತಯ್ಯ. ಆಪರೇಷನ್ನಿಗೆ ಮುಂಚೆ ಇಬ್ಬರ ಮೀಸೆಯನ್ನೂ ಬೋಳಿಸಿದ್ದರು. ಒಬ್ಬರ ಹಣೆಯ ಗಂಧ, ಇನ್ನೊಬ್ಬರ ವಿಭೂತಿ ಎರಡೂ ಸ್ಪಿರಿಟ್ಟಿನಲ್ಲಿ ತೊಳೆದುಹೋಗಿದ್ದವು. ಜನಿವಾರ, ಲಿಂಗ ದವಾಖಾನೆಯ ಅಂಗಿಯೊಳಗೆ ಮುಚ್ಚಿಹೋಗಿದ್ದವು. ಪಟ್ಟಿಯ ಹೊರಗೆ ಉಳಿದದ್ದು ಮೂಗಿನ ತುದಿ ಮತ್ತು ಗದ್ದ. ಬರೇ ಗದ್ದ ನೋಡಿ ಗಂಡನನ್ನು ಗುರುತಿಸಲು ಯಾವ ಹೆಂಗಸಿಗಾದರೂ ಬಂದೀತೆ?

ರಾಯರು ಮಡಿಯ ಮನುಷ್ಯ. ರೈಲಿನಲ್ಲಿ ಹುಬ್ಬಳ್ಳಿಗೆ ಬಂದರೂ ತಂಬಿಗೆಯ ನೀರು ಮನೆಯದೇ. ಅಂಥವರ ಗಂಟಲಲ್ಲಿ ಬೇರೆ ಜಾತಿಯವರ ಗಂಜಿ ಇಳಿಯಿತಲ್ಲ! ನಾಳೆ ನರ್ಸಬಾಯಿಗೆ ಸನ್ನೆ ಮಾಡಿಯಾದರೂ ಹೇಳಲೇಬೇಕು ಎಂದುಕೊಂಡರು.

ನಾಳೆ ಬಂತು. ಗಂಜಿಯೂ ಬಂತು. ಹದವಾದ ಉಪ್ಪು, ಮೇಲೊಂದಿಷ್ಟು ತುಪ್ಪ. ರಾಯರು ಬಾಯಿ ತೆರೆದರು.

ಮನೆಯಲ್ಲಾಗಿದ್ದರೆ ಮೊದಲ ತುತ್ತಿಗೇ ಉಪ್ಪಿನ ಮೇಲೊಂದು ಭಾಷಣವಾಗುತ್ತಿತ್ತು. ಎರಡನೆಯ ತುತ್ತಿಗೆ ಆ ಭಾಷಣದೊಳಗೆ ಅತ್ತೆಯ ಮನೆಯವರೆಲ್ಲ ಬರುತ್ತಿದ್ದರು. ಇಲ್ಲಿ ರಾಯರು ತೆಪ್ಪಗೆ ನುಂಗಿದರು. ಹೇಳಬೇಕಾದದ್ದೂ ಏನಿರಲಿಲ್ಲ ಎಂಬುದೇ ಸೋಜಿಗ.

ಅತ್ತ ಪಕ್ಕದ ಮಂಚದಿಂದ ಚಮಚ ಬಟ್ಟಲಿಗೆ ಬಡಿಯುವ ಸದ್ದು, ಗಂಡಸೊಬ್ಬನಿಗೆ ಗುಟುಕು ಸಿಕ್ಕಿಕೊಳ್ಳುವ ಸದ್ದು. ಪರಿಚಯದ ಕೈ. ಪಾಪ, ಮಹಾಂತಯ್ಯ ಎಂದು ರಾಯರು ಮನಸಾರೆ ಮರುಗಿದರು. ಮರುಗಿದರೇ ಹೊರತು ಸನ್ನೆ ಮಾಡಲಿಲ್ಲ.

ದಿನ ಕಳೆದಂತೆ ಅವರಿಗೆ ಹೊಸ ಭಯ ಹುಟ್ಟಿತು. ಕಣ್ಣು ಬರುತ್ತದೆಯೋ ಇಲ್ಲವೋ ಎಂದಲ್ಲ. ಬಂದುಬಿಟ್ಟರೆ ಎಂದು. ಪಟ್ಟಿ ಬಿಚ್ಚಿದ ದಿನ ಈ ಕೈ ಹೋಗುತ್ತದೆ, ಆ ಕೈ ಬರುತ್ತದೆ. ಒಮ್ಮೆ ಬೇಕೆಂದೇ ಕೆಮ್ಮಿಬಿಡಲೇ ಎಂದೂ ಯೋಚಿಸಿದರು. ಗಾಯ ಚೂರು ಬಿಚ್ಚಿದರೆ ಇನ್ನೊಂದು ವಾರವಾದರೂ ಸಿಕ್ಕೀತು.

ಕೆಮ್ಮಲು ಧೈರ್ಯವಾಗಲಿಲ್ಲ. ಪಟ್ಟಿ ಬಿಚ್ಚುವ ಹಿಂದಿನ ದಿನ ಊಟವಾದ ಮೇಲೆ ಮಾತ್ರ, ಕಾಣದ ಆ ಹೆಂಗಸಿಗೆ ಎರಡೂ ಕೈ ಜೋಡಿಸಿದರು. ದೇವರನ್ನು, ಸಾಹೇಬರನ್ನು ಬಿಟ್ಟರೆ ಆ ಕೈಗಳು ಯಾರಿಗೂ ಮುಗಿದಿರಲಿಲ್ಲ. ಅವಳು ತಡೆದು ನಿಂತಳು. ಆಮೇಲೆ ಜೋಡಿಸಿದ ಕೈಗಳನ್ನು ತನ್ನ ಅಂಗೈಯಲ್ಲಿ ಮೆಲ್ಲಗೆ ಹಿಡಿದಳು. ರಾಯರ ಮುಂಗೈ ಮೇಲೆ ಬಿಸಿ ಹನಿಯೊಂದು ಬಿತ್ತು.

ಮರುದಿನ ಡಾಕ್ಟರ ಸಾಹೇಬರು ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಚಷ್ಮಾ ಏರಿಸಿದರು. “ಯಾರು ಕಾಣಾಕತ್ತಾರ, ನೋಡಿ ಹೇಳ್ರಿ.”

ಮೊದಲು ಮಂಜು. ಆಮೇಲೆ ಮಲ್ಲಿಗೆಯ ಬಿಳುಪು. ಪಕ್ಕದ ಮಂಚದ ಹತ್ತಿರ ದಪ್ಪನೆಯ ಹೆಂಗಸೊಬ್ಬಳು ಹಣೆತುಂಬ ವಿಭೂತಿ ಹಚ್ಚಿಕೊಂಡು, ಮಹಾಂತಯ್ಯನ ಬಾಯಿಗೆ ಗಂಜಿ ತುರುಕುತ್ತಿದ್ದಳು. ರಾಯರ ಕಾಲ್ದೆಸೆಯಲ್ಲಿ ಮಲ್ಲಿಗೆ ಮುಡಿದು, ಬಟ್ಟಲು ಹಿಡಿದು ನಿಂತಿದ್ದವಳು ಲಕ್ಷ್ಮೀಬಾಯಿ. ಅವಳೇ. ಮೊದಲ ದಿನದಿಂದಲೂ ಅವಳೇ.

ರಾಯರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು, ಮದುವೆಯ ದಿನ ಕೂಡ ಆಗದಷ್ಟು. ಇಂಥ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಕಂಡಿರಲಿಲ್ಲವಲ್ಲ! ಕಣ್ತುಂಬ ನೀರು ತಂದುಕೊಂಡು ಅವಳತ್ತ ಕೈ ಚಾಚಿದರು.

“ನೀನಽ ಏನು?”

ಆ ಧ್ವನಿ ಕೇಳಿ, ಪಟ್ಟಿಯಿಲ್ಲದ ಆ ಮುಖ ನೋಡಿ, ಲಕ್ಷ್ಮೀಬಾಯಿಯ ಮುಖದ ಮೇಲಿದ್ದ ನಗೆ ಆರಿಹೋಯಿತು.

“ಅಯ್ಯ! ಇಷ್ಟು ದಿವಸಾ ನಾ ಉಣ್ಣಿಸಿದ್ದು ನಿಮಗಽ ಏನ್ರಿ?”