ಅತ್ತೆಯ ಕಪ್ಪು ಕ್ಲಿಪ್ಪುಗಳು

ಬಿಳಿ ಪ್ಲಾಸ್ಟಿಕ್ ಪೈಪಿನ ತುಂಡು ಸೊಸೆಯ ಬೆರಳುಗಳ ನಡುವೆ ಪಟ್ಟನೆ ಎರಡಾಯಿತು. ಯಾವ ಪ್ಲಾಸ್ಟಿಕ್ ಬಿಸಿಲು ತಾಳುತ್ತದೆಂದು ನೋಡಲು ಬೇಸಿಗೆಯಿಡೀ ತಾರಸಿಯ ಬಟ್ಟೆಹಗ್ಗದಲ್ಲಿ ಬಿಸಿಲಿಗೆ ನೇತುಹಾಕಿದ್ದ ಮಾದರಿಗಳಲ್ಲಿ ಅದೇ ಕೊನೆಯದು. ಬಾಚಣಿಗೆ, ಪೆನ್ನಿನ ಕೊಳವೆ, ಬ್ರಷ್ಷಿನ ಹಿಡಿ ಎಲ್ಲವೂ ಆಗಲೇ ಕೈಕೊಟ್ಟಿದ್ದವು.

ದೂರದವರೊಡನೆ ಮಾತಾಡುವ ಮನೆಯ ಹ್ಯಾಮ್ ರೇಡಿಯೊದಿಂದ ಆಂಟೆನಾಗೆ ಹೋಗುವ ಎರಡು ತಂತಿಗಳು ಒಂದಕ್ಕೊಂದು ತಾಗಕೂಡದು. ನಡುವೆ ಪ್ಲಾಸ್ಟಿಕ್ ತುಂಡುಗಳನ್ನು ಏಣಿಯ ಮೆಟ್ಟಿಲಿನಂತೆ ಕಟ್ಟಬೇಕು. ಬೇಸಿಗೆಯ ಮೊದಲೇ ಬಿರುಕು ಬಿಡತೊಡಗಿದ್ದ ಹಳೆಯ ತುಂಡುಗಳು ಕಳೆದ ಭಾನುವಾರ ಉದುರಿ, ತಂತಿಗಳು ತಬ್ಬಿಕೊಂಡು, ಹಡಗಿನಲ್ಲಿದ್ದ ಗಂಡನ ಮಾತು ಅರ್ಧಕ್ಕೇ ನಿಂತಿತ್ತು. “ಒಂದು ಸಿಹಿಸುದ್ದಿ...” ಎಂದಿದ್ದ, ಅಷ್ಟೇ. ಅದೇನೆಂದು ತಿಳಿಯದೆ ಅತ್ತೆ ಸೊಸೆ ಇಬ್ಬರಿಗೂ ವಾರವಿಡೀ ನಿದ್ದೆಯಿಲ್ಲ.

ಇವತ್ತು ಮತ್ತೆ ಭಾನುವಾರ. ಅವನು ಮಾತಿಗೆ ಬರುವ ಹೊತ್ತು ಹತ್ತಿರವಾಗುತ್ತಿತ್ತು. ಏನು ಮಾಡುವುದೆಂದು ತೋಚದೆ ಹಗ್ಗವನ್ನೇ ನೋಡುತ್ತಿದ್ದ ಸೊಸೆ ಥಟ್ಟನೆ ಹಣೆ ಚಚ್ಚಿಕೊಂಡಳು. ಮಾದರಿಗಳನ್ನು ಕಚ್ಚಿ ಹಿಡಿದಿದ್ದವು ಬಟ್ಟೆಗೆ ಸಿಕ್ಕಿಸುವ ಅತ್ತೆಯ ಕಪ್ಪು ಪ್ಲಾಸ್ಟಿಕ್ ಕ್ಲಿಪ್ಪುಗಳು! ಎಷ್ಟು ಬೇಸಿಗೆ ಕಂಡಿದ್ದವೋ ಏನೋ. ಒಂದನ್ನು ಬಗ್ಗಿಸಿದಳು, ಬಗ್ಗಿ, ಮತ್ತೆ ನೆಟ್ಟಗಾಯಿತು. ಸ್ಪ್ರಿಂಗ್ ಕಿತ್ತು, ಒಂದು ಲೋಟ ನೀರಿನ ಜೊತೆ ಮೈಕ್ರೋವೇವ್ ಒಲೆಯಲ್ಲಿಟ್ಟಳು. ನೀರು ಕುದಿಯಿತು, ಕ್ಲಿಪ್ಪು ತಣ್ಣಗೇ ಇತ್ತು. ಅಂದರೆ ಇದು ರೇಡಿಯೊದ ಶಕ್ತಿಯನ್ನು ನುಂಗಿಹಾಕುವ ಜಾತಿಯಲ್ಲ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

“ನನ್ನ ಕ್ಲಿಪ್ಪಿಗೆ ಕೈ ಹಚ್ಚಿದ್ರೆ ನೋಡು!” ಅತ್ತೆ ಕ್ಲಿಪ್ಪಿನ ಬುಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. “ಈಗ ಇಂಥವು ಎಲ್ಲೂ ಸಿಗಲ್ಲ.”

“ನಿಮಗೆ ಕ್ಲಿಪ್ಪು ಬೇಕಾ, ಮಗನ ಸುದ್ದಿ ಬೇಕಾ?”

ಅತ್ತೆ ಗೊಣಗುತ್ತಲೇ ಬುಟ್ಟಿ ಬೋರಲು ಹಾಕಿದರು. ಸ್ಪ್ರಿಂಗುಗಳನ್ನು ತಾವೇ ಕಿತ್ತುಕೊಟ್ಟರು. ಸೊಸೆ ತೂತು ಕೊರೆದು, ತಂತಿ ಪೋಣಿಸಿ, ಕೊನೆಯ ಗಂಟು ಬಿಗಿದು ಕೆಳಗೆ ಓಡಿಬಂದು ರೇಡಿಯೊದ ಗುಂಡಿ ತಿರುಗಿಸಿದಳು.

“...ಕೇಳಿಸ್ತಾ ಇದೆಯಾ? ರಜೆ ಸಿಕ್ಕಿದೆ! ಮುಂದಿನ ತಿಂಗಳು ಮನೇಲಿರ್ತೀನಿ. ಓವರ್.”

ಸೊಸೆ ಮೈಕು ಎತ್ತಿಕೊಂಡಳು. ಅತ್ತೆ ಅದನ್ನು ಕಿತ್ತುಕೊಂಡರು. “ಬರೋವಾಗ ಕ್ಲಿಪ್ಪು ತಗೊಂಡ್ಬಾ. ಕಪ್ಪುದೇ ಆಗ್ಬೇಕು. ಓವರ್!”

ಗಂಡನೊಡನೆ ಮನದಣಿಯೆ ಮಾತಾಡಿ ಸೊಸೆ ಮೇಲೆ ಹೋದಾಗ ತಾರಸಿಯಲ್ಲಿ ಜೋರು ಗಾಳಿ. ಬೀರುವಿನಿಂದ ತೆಗೆದು ಆಗಲೇ ಒಗೆದಿದ್ದ ಮಗನ ಅಂಗಿಯನ್ನು ಅತ್ತೆ ಹಗ್ಗಕ್ಕೆ ಒತ್ತಿ ಹಿಡಿದು ನಿಂತಿದ್ದರು.

“ತೋಳು ಗಂಟು ಹಾಕಿ ಬಿಟ್ಬಿಡಿ, ಅತ್ತೆ.”

“ಬೇಡಮ್ಮ, ಸುಕ್ಕಾಗತ್ತೆ. ಒಣಗೋವರೆಗೂ ನಾನೇ ಹಿಡ್ಕೋತೀನಿ.”