ಅವರ ಅರ್ಧ ಪಾಲು

ಬಂಗುಡೆ ಮೀನು ತಂಪು ಹುಡುಕಿ ಆಳಕ್ಕಿಳಿದ ಮೇಲೆ ಅದನ್ನು ದಡದತ್ತ ಅಟ್ಟಿಕೊಡುತ್ತಿದ್ದವರು ಕಡಲೊಳಗಿನವರೇ. ಅವರನ್ನು ಕಂಡವರಿಲ್ಲ. ಆದರೂ ದಡದಲ್ಲಿ ನಿಂತು ಎಳೆಯುವ ರಂಪಣಿ ಬಲೆಯ ಹಗ್ಗಕ್ಕೆ ಕೈಹಚ್ಚಿದವರಿಗೆಲ್ಲ ಪಾಲು ಕೊಡುವುದು ಊರಿನ ಪದ್ಧತಿಯಾದ್ದರಿಂದ, ಅವರ ಅರ್ಧವನ್ನು ದಿನಾ ಅಲೆಗೆ ಸುರಿಯುತ್ತಿದ್ದರು. ನಿನ್ನೆ ಬಿದ್ದದ್ದು ಒಂದೇ ಬುಟ್ಟಿ; ಅದನ್ನು ಪೂರಾ ಮನೆಗೆ ಒಯ್ದಿದ್ದರು.

ಇಂದು ಬಚ್ಚಿ ಎಂದಿನಂತೆ ಹಗ್ಗವನ್ನು ಸೊಂಟಕ್ಕೆ ಬಿಗಿದು ಎಳೆಯುತ್ತಿದ್ದಳು. ಬಲೆ ಜಗ್ಗಲಿಲ್ಲ.

“ಸಾಧಣ್ಣ, ನಿನ್ನಿ ಅವ್ರ್ ಪಾಲ್ ಕೊಡ್ಲಿಲ್ಲ ಅಲ್ದಾ?”

“ಬಾಯ್ ಮುಚ್ಕಂಡ್ ಎಳಿ, ಮಾರಾಯ್ತಿ,” ಎಂದ ಮುಂದಾಳು ಸಾಧು, ಕಡಲಿನತ್ತ ನೋಡದೆ.

ಹಗ್ಗ ಕಡಲಿನತ್ತ ಸರಿಯಿತು. ಉಳಿದವರೆಲ್ಲ ಕೈಬಿಟ್ಟು ಓಡಿದರು. ಬಚ್ಚಿಯ ಸೊಂಟದ ಗಂಟು ನೆನೆದು ಕಚ್ಚಿಕೊಂಡಿತ್ತು. ಎಷ್ಟು ಕಿತ್ತರೂ ಬಿಚ್ಚಲಿಲ್ಲ. ನೀರು ಮೊಣಕಾಲಿಗೆ ಬಂದಾಗ ಅಲೆಯಡಿಯಿಂದ, ಊರಿನವರು ಬಲೆ ಎಳೆಯುವಾಗಿನದೇ ರಾಗದಲ್ಲಿ, ಕೂಗು ಕೇಳಿಸಿತು: “ಐಲೇಸಾ!”